ಹರಕೆ ಕಣ್ಣಿನ ಅಚ್ಚು

ಶ್ರೀನಿವಾಸಪುರದಲ್ಲಿ ಗಂಗುಲಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಜನ ಮನೆ ತೋರಿಸುತ್ತಿರಲಿಲ್ಲ, ಹಿತ್ತಿಲ ಶೆಡ್ಡು ತೋರಿಸುತ್ತಿದ್ದರು. ಶೆಡ್ಡಿನೊಳಗೆ ಮೇಜಿನ ಮೇಲೆ ಕೂರುವಷ್ಟು ಪುಟ್ಟದಾದ, ಲೋಹ ಕೊರೆಯುವ ಮಿಲ್ಲಿಂಗ್ ಮಿಷನ್ ಇತ್ತು. ಗಂಗುಲಪ್ಪ ಹಿಂದೆ ಮಾಲೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ತೊಂಬತ್ತಾರರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದಾಗ ಉಳಿದವರೆಲ್ಲ ಗೇಟಿನ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದರೆ, ಇವನು ತನಗೆ ಬರಬೇಕಾದ್ದರ ಬದಲಿಗೆ ಈ ಮಿಷನ್ ಕೇಳಿ ಹಾಲಿನ ವ್ಯಾನಿನಲ್ಲಿ ಹೇರಿಕೊಂಡು ಬಂದ. ಹೆಂಡತಿ ಚಿಕ್ಕಗಂಗಮ್ಮ ಒಂದು ವಾರ ಮಾತು ಬಿಟ್ಟಳು. ಆಮೇಲೆ ಅದೇ ಮಿಷನ್ನಿಗೆ ಪ್ರತಿ ಶುಕ್ರವಾರ ಕುಂಕುಮ ಇಡತೊಡಗಿದಳು.

ಯಾಕೆಂದರೆ ಅದು ದೇವರ ಕೆಲಸದ ಮಿಷನ್ ಆಗಿತ್ತು. ಕಣ್ಣು ವಾಸಿಯಾದರೆ ಬೆಳ್ಳಿ ಕಣ್ಣು, ಕಾಲು ಸರಿಹೋದರೆ ಬೆಳ್ಳಿ ಕಾಲು ಒಪ್ಪಿಸುತ್ತೇನೆಂದು ಜನ ಹರಕೆ ಹೊರುತ್ತಾರಲ್ಲ, ಆ ಕಣ್ಣು ಕಾಲುಗಳೇನೂ ಆಕಾಶದಿಂದ ಉದುರುವುದಿಲ್ಲ. ಹಿತ್ತಾಳೆಯ ಅಚ್ಚಿನ ಮೇಲೆ ತೆಳ್ಳನೆಯ ಬೆಳ್ಳಿ ತಗಡಿಟ್ಟು ಒತ್ತಿ ತೆಗೆಯುತ್ತಾರೆ. ಆ ಅಚ್ಚುಗಳನ್ನು ಕೊರೆಯುವುದು ಗಂಗುಲಪ್ಪನ ಕಸುಬು. ಕಣ್ಣು, ಕೈ, ಪಾದ, ನಾಮ, ಹಬ್ಬಕ್ಕೆ ಅಮ್ಮನವರ ಮುಖ, ಹೀಗೆ ಮುಳಬಾಗಿಲಿನಿಂದ ಹಿಡಿದು ಆಂಧ್ರದ ಗಡಿಯಾಚೆಯವರೆಗೆ ಬೆಳ್ಳಿ ಕೆಲಸದವರೆಲ್ಲ ಅವನ ಹತ್ತಿರವೇ ಬರುತ್ತಿದ್ದರು.

ಬರುತ್ತಿದ್ದವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಅಚ್ಚನ್ನೂ ಗಂಗುಲಪ್ಪ ಕೊರೆದಿರಲಿಲ್ಲ. ಅವನ ಕೈ ನಡುಗಲು ಶುರುವಾಗಿತ್ತು. ಕೊರೆಯುತ್ತಿದ್ದವಳು ಮಗಳು ಶ್ರೀವಾಣಿ. ಮಿಷನ್ ಬಂದಂದಿನಿಂದ ಅಪ್ಪನ ಪಕ್ಕ ನಿಂತು ಕಲಿತು, ಆಮೇಲೆ ಕೋಲಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ತರಗತಿಗೆಲ್ಲ ಒಬ್ಬಳೇ ಹುಡುಗಿಯಾಗಿ ಸಾಕಷ್ಟು ಕುಹಕ ಕೇಳಿಸಿಕೊಂಡು, ಮತ್ತೆ ಇದೇ ಶೆಡ್ಡಿಗೆ ಬಂದು ನಿಂತವಳು. ಎಡಗೈಯಲ್ಲಿ ಒಂದು ಹ್ಯಾಂಡ್‌ವೀಲು, ಬಲಗೈಯಲ್ಲಿ ಇನ್ನೊಂದು, ಹೀಗೆ ಮಿಷನ್ನಿನ ಚಕ್ರಗಳನ್ನು ತಿರುಗಿಸುತ್ತಾ ಹಿತ್ತಾಳೆಯಲ್ಲಿ ರೆಪ್ಪೆಯ ಬಾಗು ತೆಗೆಯುತ್ತಿದ್ದಳು. ಅಪ್ಪ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದ. ಗಿರಾಕಿಗಳು "ಗಂಗುಲಪ್ಪನ ಕೈ ಅಂದ್ರೆ ಕೈ" ಎಂದು ಹೊಗಳಿ ಹೋಗುತ್ತಿದ್ದರು. ಅವನು ಆ ಕೈಯನ್ನು ಟವೆಲ್ಲಿನ ಕೆಳಗೆ ಮುಚ್ಚಿಕೊಂಡು ಕೂತಿರುತ್ತಿದ್ದ.

ಶ್ರೀವಾಣಿಗೆ ಅದರಿಂದ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಪ್ಪ ಒಂದು ಮಾತು ಕೊಟ್ಟಿದ್ದ. ಅವಳು ಮೊದಲ ಸಲ ಅಮ್ಮನವರ ಪೂರ್ತಿ ಮುಖ ಕೊರೆದು ಮುಗಿಸಿದ ದಿನ, ಅಚ್ಚಿನ ಮೇಲೆ ಬೆರಳಾಡಿಸಿ ಹೇಳಿದ್ದ: "ಕೆಲ್ಸ ಬಂದೋರ್ದೇ ಮಿಷನ್ನು ಕಣಮ್ಮಾ. ನನ್ನ ಕಾಲ ಮುಗೀತು ಅಂದ್ರೆ ಇದು ನಿಂದೇ."

ತಮ್ಮ ಕದಿರೇಶ್ ಆಗ ಅಲ್ಲೇ ನಿಂತಿದ್ದ. "ನನಗ್ಯಾಕಪ್ಪಾ ಈ ಕಬ್ಣ" ಎಂದು ನಕ್ಕಿದ್ದ. ಅವನು ಶೆಡ್ಡಿಗೆ ಬರುತ್ತಿದ್ದುದು ಬೈಕಿನ ಚೈನಿಗೆ ಆಯಿಲ್ ಹಾಕಲು ಮಾತ್ರ. ಮಾವಿನಕಾಯಿ ಮಂಡಿಯಲ್ಲಿ ಸ್ವಲ್ಪ ದಿನ, ಮೊಬೈಲ್ ಅಂಗಡಿಯಲ್ಲಿ ಸ್ವಲ್ಪ ದಿನ, ಅಲ್ಲಿ ಇಲ್ಲಿ ಕಾಲ ತಳ್ಳುತ್ತಿದ್ದ. ಹಾಗಾಗಿ ಮಿಷನ್ ತನ್ನದು ಎನ್ನುವುದರಲ್ಲಿ ಶ್ರೀವಾಣಿಗೆ ಅನುಮಾನವೇ ಇರಲಿಲ್ಲ. ಮದುವೆಯ ಮಾತು ಬಂದಾಗೆಲ್ಲ ಅವಳು ಈ ಶೆಡ್ಡು ನೆನೆದು ತಲೆ ಕೊಡವುತ್ತಿದ್ದಳು.

ಅಡ್ಡ ಬರುತ್ತಿದ್ದುದು ಒಂದೇ. ತಿಂಗಳಿಗೆ ಮೂರು ದಿನ ಅವಳು ಹೊರಗೆ ಕೂರಬೇಕು. ಶೆಡ್ಡಿಗೆ ಹೊಂದಿಕೊಂಡಂತೆ ಹಿತ್ತಿಲಲ್ಲಿ ಒಂದು ಜಗಲಿ, ಅಲ್ಲಿ ಅವಳಿಗೊಂದು ಚಾಪೆ, ತಟ್ಟೆ, ಲೋಟ. ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಕಿಟಕಿ. ದೇವರ ಕಣ್ಣು ಕೊರೆಯುವ ಮಿಷನ್ನಿಗೆ ಆ ದಿನಗಳಲ್ಲಿ ಕೈ ತಾಕಿಸುವ ಹಾಗಿಲ್ಲ. ಮರೆಮಾಚೋಣವೆಂದರೆ ಚಿಕ್ಕಗಂಗಮ್ಮನಿಗೆ ಮಗಳ ಲೆಕ್ಕ ಕ್ಯಾಲೆಂಡರಿಗಿಂತ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ನಾಲ್ಕರ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಳಬಾಗಿಲಿನ ಬೆಳ್ಳಿ ಅಂಗಡಿಯ ಶ್ರೀನಿವಾಸಪ್ಪ ಹೊಸ ಮುಖದ ಅಚ್ಚು ಹೇಳಿದ್ದ. ಮುಖ ಮುಗಿದು ಕಣ್ಣು ಬಾಕಿಯಿರುವಾಗ ಶ್ರೀವಾಣಿ ಹೊರಗಾದಳು.

"ಅಪ್ಪಾ, ಅರ್ಧ ದಿನದ ಕೆಲ್ಸ. ಸ್ನಾನ ಮಾಡ್ಕೊಂಡು ಬಂದು ಮುಗಿಸಿಬಿಡ್ತೀನಿ" ಎಂದು ಕಿಟಕಿಯಿಂದ ಕೇಳಿದಳು.

"ಅಮ್ಮನವರ ಕಣ್ಣಮ್ಮಾ ಅದು" ಎಂದ ಗಂಗುಲಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು.

ಅವನೇ ಹ್ಯಾಂಡ್‌ವೀಲು ಹಿಡಿದ. ಕಟರ್ ಹಿತ್ತಾಳೆಗೆ ತಾಕುವ ಸದ್ದು ಜಗಲಿಗೆ ಕೇಳುತ್ತಿತ್ತು. ಸದ್ದು ನಡುಗುತ್ತಿತ್ತು. ಶ್ರೀವಾಣಿ ಕಿವಿ ಮುಚ್ಚಿಕೊಂಡಳು. ಎಡಗಣ್ಣು ಬಲಗಣ್ಣಿಗಿಂತ ಕೆಳಗೆ ಬಂತು. ಶ್ರೀನಿವಾಸಪ್ಪ ಅಚ್ಚನ್ನು ತಿರುವಿ ಮುರುವಿ ನೋಡಿ, "ಅಮ್ಮನೋರಿಗೆ ಓರೆಗಣ್ಣು ಇಟ್ಟೀಯಲ್ಲಯ್ಯಾ" ಎಂದು ಅಲ್ಲೇ ಇಟ್ಟು ಎದ್ದುಹೋದ. ಗಂಗುಲಪ್ಪ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಚಿಕ್ಕಗಂಗಮ್ಮ ಮಾತ್ರ, "ಇವ್ಳು ಹಬ್ಬದ ಹೊತ್ಗೇ ಆಚೆ ಕೂತ್ರೆ ಇನ್ನೇನಾಗ್ತದೆ" ಎಂದಳು, ಮಗಳು ಬೇಕೆಂದೇ ದಿನ ನೋಡಿ ಕೂತ ಹಾಗೆ.

ಅವತ್ತು ಶ್ರೀವಾಣಿ ಎದ್ದುನಿಂತು, ನನ್ನ ಮೈಯಿಂದ ಯಾವ ದೇವರಿಗೂ ಏನೂ ಆಗುವುದಿಲ್ಲ, ದಾರಿ ಬಿಡಿ ಎಂದು ಒಳಗೆ ನುಗ್ಗಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಎಂಜಿನಿಯರಿಂಗ್ ಓದಿದವರ ಹಣೆಬರಹವೇ ಇಷ್ಟು, ಗೋಡೆ ಕಂಡರೆ ಒಡೆಯುವುದಿಲ್ಲ, ಅದರಲ್ಲಿ ತೂತು ಕೊರೆದು ವೈರ್ ಎಳೆಯುತ್ತಾರೆ. ಕೈ ತಾಕಬಾರದು ಎನ್ನುವುದಾದರೆ ಕೈ ತಾಕಿಸದೆ ನಡೆಯುವ ಮಿಷನ್ ಮಾಡಿದರಾಯಿತು ಎಂದುಕೊಂಡಳು. ಹೊರಗೆ ಕೂತೇ ಕಣ್ಣು ಕೊರೆಯುವುದು. ಆಮೇಲೆ ಯಾರು ಏನು ಹೇಳಲು ಸಾಧ್ಯ?

ಡಿಪ್ಲೊಮಾದಲ್ಲಿ ಕಂಪ್ಯೂಟರಿನಿಂದ ನಡೆಯುವ ದೊಡ್ಡ ಮಿಷನ್ನುಗಳನ್ನು ದೂರದಿಂದ ತೋರಿಸಿದ್ದರು. ಅದನ್ನೇ ಮನೆಯಲ್ಲಿ ಮಾಡಿಕೊಂಡ ಜನ ಬೇರೆ ದೇಶಗಳಲ್ಲಿದ್ದಾರೆ ಎನ್ನುವುದು ಕೋಲಾರದ ಬ್ರೌಸಿಂಗ್ ಸೆಂಟರಿನಲ್ಲಿ ಗೊತ್ತಾಯಿತು. ಅವರು ಬರೆದದ್ದನ್ನು ಪ್ರಿಂಟ್ ತೆಗೆಸಿಕೊಂಡು ಬಸ್ಸಿನಲ್ಲಿ ಓದುತ್ತಾ ಬಂದಳು. ಕೆಲಸ ಹೇಳಲು ಸುಲಭ. ಹಿತ್ತಾಳೆ ಕೂರುವ ಟೇಬಲ್ಲನ್ನು ಎಡಬಲಕ್ಕೆ, ಹಿಂದುಮುಂದಕ್ಕೆ ಓಡಿಸುವ ಎರಡು ಸ್ಕ್ರೂ, ಕಟರನ್ನು ಮೇಲೆ ಕೆಳಗೆ ಮಾಡುವ ಒಂದು ಸ್ಕ್ರೂ. ಮೂರಕ್ಕೂ ಹ್ಯಾಂಡ್‌ವೀಲು ಬಿಚ್ಚಿ ಒಂದೊಂದು ಸ್ಟೆಪ್ಪರ್ ಮೋಟಾರ್ ಕೂರಿಸಬೇಕು. ಕಂಪ್ಯೂಟರ್ ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರು ಅದು. ಬೆಂಗಳೂರಿನ ಗುಜರಿಯಲ್ಲಿ ಮೋಟಾರು ಸಿಕ್ಕವು. ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಳೇ ಕಂಪ್ಯೂಟರು ಮುಳಬಾಗಿಲಿನಲ್ಲಿ ಸಿಕ್ಕಿತು. ಮೋಟಾರಿಗೆ ಕರೆಂಟು ಹಂಚುವ ಬೋರ್ಡನ್ನು ಅವಳೇ ಬೆಸುಗೆ ಹಾಕಿದಳು. ಮೊದಲನೆಯದು ಸುಟ್ಟು ಮನೆಯೆಲ್ಲ ನಾತವಾಯಿತು. ಎರಡನೆಯದು ಕೆಲಸ ಮಾಡಿತು.

ಗಂಗುಲಪ್ಪ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಹ್ಯಾಂಡ್‌ವೀಲು ಬಿಚ್ಚಿದ ದಿನ ಅವನ ಮುಖ ಸಣ್ಣಗಾಯಿತು. "ಮತ್ತೆ ಕೂರಿಸಕ್ಕಾಗ್ತದಾ?" ಎಂದ.

"ಆಗ್ತದಪ್ಪಾ, ಒಂದು ಸ್ಕ್ರೂ ಅಷ್ಟೆ" ಎಂದಳು.

ಮೊದಲು ಒಂದು ವೃತ್ತ ಕೊರೆಸಿ ನೋಡಿದಳು. ವೃತ್ತದ ನಾಲ್ಕು ಕಡೆ ಚಪ್ಪಟೆಯಾಗಿ ಬಂತು. ಕಾರಣ ಅವಳಿಗೆ ತಕ್ಷಣ ಹೊಳೆಯಿತು. ಸ್ಕ್ರೂ ಹಿಡಿಯುವ ಹಿತ್ತಾಳೆ ನಟ್ಟು ಸವೆದು ಲೂಸಾಗಿತ್ತು. ಕೈಯಲ್ಲಿ ತಿರುಗಿಸುವಾಗ ಆ ಲೂಸು ಬೆರಳಿಗೆ ಗೊತ್ತಾಗುತ್ತಿತ್ತು, ಬೆರಳೇ ಅದನ್ನು ಸರಿದೂಗಿಸುತ್ತಿತ್ತು. ಮೋಟಾರಿಗೆ ಬೆರಳಿಲ್ಲ. ಹಾಗಾಗಿ ಹ್ಯಾಂಡ್‌ವೀಲು ಮತ್ತೆ ಹಾಕಿ, ಅದೇ ಮಿಷನ್ನಿನಿಂದ ಹೊಸ ನಟ್ಟು ಕೊರೆದಳು. ಒಂದು ನಟ್ಟಿನ ಬದಲು ಎರಡು ತುಂಡು, ನಡುವೆ ಗಟ್ಟಿ ಸ್ಪ್ರಿಂಗ್. ಎಷ್ಟೇ ಸವೆದರೂ ಸ್ಪ್ರಿಂಗ್ ಎರಡನ್ನೂ ತಳ್ಳಿ ಬಿಗಿಯಾಗಿಡುತ್ತದೆ. ಯಾರೂ ಕೈ ಹಾಕಬೇಕಾಗಿಲ್ಲ, ಯಾರೂ ನೋಡಬೇಕಾಗಿಲ್ಲ. ಇದನ್ನು ಮಾಡಿದ ದಿನ ಅವಳು ತನಗೆ ತಾನೇ ಹೆಮ್ಮೆಪಟ್ಟುಕೊಂಡಳು. ಹೆಮ್ಮೆಪಡುವ ಕೆಲಸವೇ ಅದು.

ಕಂಪ್ಯೂಟರನ್ನು ಜಗಲಿಯಲ್ಲಿಟ್ಟು, ವೈರನ್ನು ಗೋಡೆಯೊಳಗಿಂದ ಶೆಡ್ಡಿಗೆ ತೂರಿಸಿದಳು. ಆಗ ಚಿಕ್ಕಗಂಗಮ್ಮನಿಗೆ ಹೊಸ ತಕರಾರು ಹುಟ್ಟಿತು. ಮಗಳು ಒತ್ತುವ ಬಟನ್ನಿನಿಂದ ಮೈಲಿಗೆ ವೈರಿನಲ್ಲಿ ಹರಿದು ಹೋಗುವುದಿಲ್ಲವೆ? ಪುರೋಹಿತರನ್ನು ಕೇಳಿಯೇ ಬಂದಳು. ಪಾಪ, ಪುರೋಹಿತರು ಇಂಥ ಪ್ರಶ್ನೆ ಯಾವ ಶಾಸ್ತ್ರದಲ್ಲೂ ಕಂಡವರಲ್ಲ. ಸ್ವಲ್ಪ ಯೋಚಿಸಿ, ದೇವಸ್ಥಾನದ ಲೈಟಿಗೂ ಊರಿಗೆಲ್ಲ ಬರುವ ಕರೆಂಟೇ ಬರುತ್ತದಲ್ಲಮ್ಮಾ, ಕರೆಂಟಿಗೆ ಮೈಲಿಗೆಯಿಲ್ಲ ಎಂದರಂತೆ. ಚಿಕ್ಕಗಂಗಮ್ಮ ಅರ್ಧ ಮನಸ್ಸಿನಿಂದ, "ಸರೇಲೇ, ಏನಾದ್ರೂ ಮಾಡ್ಕೋ" ಎಂದಳು.

ಮುಂದಿನ ತಿಂಗಳು ಹೊರಗೆ ಕೂತಾಗ ಶ್ರೀವಾಣಿ ಕೊರೆದದ್ದು ಒಂದು ಜೊತೆ ಕಣ್ಣು. ಹಿತ್ತಾಳೆ ತುಂಡನ್ನು ವೈಸಿನ ದವಡೆಗಳ ನಡುವೆ ಬಿಗಿದುಕೊಟ್ಟದ್ದು ಗಂಗುಲಪ್ಪ, ಅಷ್ಟು ಅವನ ಕೈಗೆ ಆಗುತ್ತಿತ್ತು. ಅವಳು ಜಗಲಿಯಿಂದ ಬಟನ್ ಒತ್ತಿದಳು. ಮೋಟಾರುಗಳು ಸಣ್ಣಗೆ ರಾಗ ಎಳೆಯಲು ಶುರುಮಾಡಿದವು. ನೇರ ಗೆರೆಗೆ ಒಂದು ಸ್ವರ, ಬಾಗಿಗೆ ಇನ್ನೊಂದು. ರೆಪ್ಪೆಯ ತಿರುವಿಗೆ ಬಂದಾಗ ಎರಡು ಮೋಟಾರೂ ಒಟ್ಟಿಗೆ ದನಿ ಬದಲಿಸುತ್ತಿದ್ದವು. ಕಣ್ಣಿನಿಂದ ನೋಡದೆಯೇ ಕಟರ್ ಎಲ್ಲಿದೆಯೆಂದು ಅವಳಿಗೆ ತಿಳಿಯುತ್ತಿತ್ತು. ಸದ್ದು ನಿಂತ ಮೇಲೆ ಅಪ್ಪ ಅಚ್ಚನ್ನು ಕಿಟಕಿಯ ಸರಳಿನ ಆಚೆಯಿಂದಲೇ ಎತ್ತಿ ತೋರಿಸಿದ. ಎರಡು ಕಣ್ಣೂ ಸಮನಾಗಿ ನೋಡುತ್ತಿದ್ದವು. ಗಂಗುಲಪ್ಪನ ಕಣ್ಣಲ್ಲಿ ನೀರಿತ್ತು. ಶ್ರೀವಾಣಿಗೆ ಆವತ್ತಿನಷ್ಟು ಸಂತೋಷ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಶ್ರೀನಿವಾಸಪ್ಪ ಮತ್ತೆ ಬಂದ. ಅವನ ಹಿಂದೆ ಚಿಂತಾಮಣಿಯವರು ಬಂದರು, ಮದನಪಲ್ಲಿಯವರು ಬಂದರು. ಒಂದೊಂದು ಅಚ್ಚಿಗೂ ಅವಳು ನಕ್ಷೆ ಬರೆದು ಕಂಪ್ಯೂಟರಿನಲ್ಲಿ ಸೇರಿಸಿಡುತ್ತಿದ್ದಳು. ಕಣ್ಣು, ಕಿವಿ, ಕೈ, ಪಾದ, ತೊಟ್ಟಿಲು, ನಾಮ, ಮುಖ. ವರ್ಷದೊಳಗೆ ಮನುಷ್ಯನ ಮೈಯಲ್ಲಿ ನೋಯುವ ಜಾಗವೆಲ್ಲ ಆ ಡಬ್ಬದೊಳಗೆ ಸೇರಿತು. ಒಮ್ಮೆ ಅವಳಿಗೆ ಜ್ವರ ಬಂದು ಏಳಲಾಗದಿದ್ದಾಗ ಕದಿರೇಶನನ್ನು ಕರೆದು, ಹೆಸರು ಆರಿಸು, ಕಟರನ್ನು ಇಷ್ಟಕ್ಕೆ ತಂದು ನಿಲ್ಲಿಸು, ಇದನ್ನು ಒತ್ತು ಎಂದು ಹೇಳಿಕೊಟ್ಟಳು.

"ಇಷ್ಟೇನಾ ಅಕ್ಕಾ?" ಎಂದ ಅವನು.

"ಇಷ್ಟೇ ಕಣೋ" ಎಂದಳು. ಎಷ್ಟು ಕೆಲಸ ಆ 'ಇಷ್ಟೇ'ಯ ಹಿಂದಿದೆ ಎಂದು ಹೇಳಲು ಜ್ವರದಲ್ಲಿ ಅವಳಿಗೆ ತ್ರಾಣವಿರಲಿಲ್ಲ.

ಕದಿರೇಶನಿಗೆ ಗೌನಿಪಲ್ಲಿಯಿಂದ ಹೆಣ್ಣಿನ ಕಡೆಯವರು ಬಂದದ್ದು ಎರಡು ಸಾವಿರದ ಆರರ ಬೇಸಿಗೆಯಲ್ಲಿ. ಮೊಬೈಲ್ ಅಂಗಡಿ ಅಷ್ಟು ಹೊತ್ತಿಗೆ ಮುಚ್ಚಿತ್ತು. ಹೆಣ್ಣಿನ ತಂದೆ ಪೆದ್ದಪ್ಪ ಮಾವಿನ ತೋಟದವರು, ಕಾಫಿ ಕುಡಿದು ಲೋಟ ಕೆಳಗಿಟ್ಟು ನೇರವಾಗಿ ಕೇಳಿದರು: "ಹುಡುಗ ಏನ್ಮಾಡ್ತಾನೆ?"

ಗಂಗುಲಪ್ಪ ಎದ್ದ. "ಬನ್ನಿ, ತೋರಿಸ್ತೀನಿ" ಎಂದು ಎಲ್ಲರನ್ನೂ ಹಿತ್ತಿಲಿಗೆ ಕರೆದುಕೊಂಡು ಹೋದ. ಕದಿರೇಶನನ್ನು ಜಗಲಿಯ ಕಂಪ್ಯೂಟರಿನ ಮುಂದೆ ಕೂರಿಸಿದ. ಕದಿರೇಶ್ ಕಣ್ಣಿನ ಹೆಸರು ಆರಿಸಿ ಬಟನ್ ಒತ್ತಿದ. ಗೋಡೆಯಾಚೆ ಮಿಷನ್ ತಾನಾಗಿಯೇ ಎದ್ದು ಕೊರೆಯತೊಡಗಿತು. ಪೆದ್ದಪ್ಪನವರು ಕಿಟಕಿಗೆ ಮುಖ ಹಚ್ಚಿ ನಿಂತುಬಿಟ್ಟರು.

"ಕಂಪ್ಯೂಟರ್ ಮಿಷನ್ನಾ? ಹುಡುಗನೇ ನಡೆಸ್ತಾನಾ?"

"ಅವನೇ. ಇದೆಲ್ಲಾ ಅವನ್ದೇ" ಎಂದ ಗಂಗುಲಪ್ಪ.

ಶ್ರೀವಾಣಿ ಖಾಲಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕದಿರೇಶ್ ಒಂದು ಸಲ ಅವಳ ಕಡೆ ನೋಡಿ ಕಣ್ಣು ತಗ್ಗಿಸಿದ. ಕೆಟ್ಟವನಲ್ಲ ಅವನು. ಬೇಡ ಎನ್ನುವಷ್ಟು ಒಳ್ಳೆಯವನೂ ಅಲ್ಲ.

ಬಂದವರು ಹೋದ ಮೇಲೆ ಅವಳು ಶೆಡ್ಡಿಗೆ ಹೋದಳು. ಅಪ್ಪ ಸ್ಟೂಲಿನ ಮೇಲಿದ್ದ.

"ಹೆಣ್ಣಿನೋರ ಮುಂದೆ ಆಡಿದ ಮಾತಾ ಅಪ್ಪಾ, ಇಲ್ಲಾ ನಿಜವಾಗ್ಲೂನಾ?"

ಗಂಗುಲಪ್ಪ ಟವೆಲ್ಲಿನ ಕೆಳಗೆ ಕೈ ಹಿಸುಕಿಕೊಂಡ. "ಅವನಿಗೂ ಒಂದು ದಾರಿ ಬೇಕಲ್ಲಮ್ಮಾ. ನಿನಗೆ ಹೆಂಗೂ ಒಂದು ಮನೆ ಆಗ್ತದೆ."

"ಕೆಲ್ಸ ಬಂದೋರ್ದೇ ಮಿಷನ್ನು ಅಂದಿದ್ದೆ ನೀನು."

"ಅಂದಿದ್ದೆ. ಅವಾಗ ಕೆಲ್ಸ ಕೈಯಲ್ಲಿತ್ತು." ಅವನು ಮಿಷನ್ನಿನ ಕಡೆ ನೋಡಿದ. "ಈಗ ಕೆಲ್ಸ ಮಿಷನ್‌ಗೇ ಬರ್ತದಲ್ಲಾ. ಯಾರು ಒತ್ತಿದ್ರೇನು."

ಆ ಮಾತು ಅವಳ ಎದೆಗೆ ನಾಟಿತು. ಅಪ್ಪ ಮೋಸ ಮಾಡಲು ಆಡಿದ್ದರೆ ಉತ್ತರ ಕೊಡಬಹುದಿತ್ತು. ಅವನು ನಂಬಿಯೇ ಆಡಿದ್ದ. ಅವನನ್ನು ನಂಬಿಸಿದವಳು ಅವಳೇ.

"ಹೊಸ ಅಚ್ಚು ಬಂದ್ರೆ ನಕ್ಷೆ ಯಾರು ಬರೀತಾರೆ? ಅವನು ಬರೀತಾನಾ?"

"ಇರೋದೇ ಸಾಕಮ್ಮಾ. ಹರಕೆಗೆ ಹೊಸ ಅಂಗ ಎಲ್ಲಿಂದ ಬರ್ತದೆ? ಕಣ್ಣು ಕಣ್ಣೇ, ಕಾಲು ಕಾಲೇ."

ಅಷ್ಟರಲ್ಲಿ ಚಿಕ್ಕಗಂಗಮ್ಮ ಒಳಗೆ ಬಂದಳು. ಅವಳ ಮುಖದಲ್ಲಿ ನಿಜವಾದ ನೆಮ್ಮದಿಯಿತ್ತು. "ಗಂಡ್ಮಗ ಆದ್ರೆ ಮೂರು ದಿನದ ರಗಳೇನೂ ಇರಲ್ಲ ಕಣೇ. ದೇವ್ರ ಕೆಲ್ಸ ಮಡಿಯಾಗಿ ನಡೀತದೆ" ಎಂದಳು. ಶ್ರೀವಾಣಿ ಹೊರಗೆ ಬಂದಳು. ನಾಲ್ಕು ವರ್ಷ ಹ್ಯಾಂಡ್‌ವೀಲು ತಿರುಗಿಸಿ ಗಟ್ಟಿಯಾಗಿದ್ದ ಅಂಗೈ ಕಂಪ್ಯೂಟರು ಬಂದ ಮೇಲೆ ಮೆತ್ತಗಾಗಿತ್ತು. ಅದನ್ನೇ ನೋಡಿಕೊಂಡು ಬಾವಿಕಟ್ಟೆಯ ಮೇಲೆ ಕೂತಳು. ಸಿಟ್ಟು ಬಂದಿತ್ತು, ಅಪ್ಪನ ಮೇಲೆ ಅರ್ಧ, ತನ್ನ ಮೇಲೆ ಅರ್ಧ.

ಮದುವೆ ಆಯಿತು. ಸೊಸೆ ಒಳ್ಳೆಯವಳೇ, ಗಂಡ ಎಂಜಿನಿಯರ್ ಎಂದು ತವರಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಆಯುಧಪೂಜೆ ಬಂತು. ಹಿಂದಿನ ವರ್ಷಗಳಲ್ಲಿ ಆ ದಿನ ಮಿಷನ್ ಒರೆಸಿ, ಎಣ್ಣೆ ಹಾಕಿ, ಅಪ್ಪನ ಪಕ್ಕ ಕೂತು ಪೂಜೆ ಮಾಡುತ್ತಿದ್ದವಳು ಶ್ರೀವಾಣಿ. ಈ ವರ್ಷ ಅವಳು ಹಿಂದಿನ ದಿನವೇ ಹೊರಗಾದಳು. ಅವಳು ಕೂರುವ ಜಗಲಿಯಲ್ಲಿ ಕಂಪ್ಯೂಟರ್ ಇರುವುದು ಸರಿಯಲ್ಲವೆಂದು ಚಿಕ್ಕಗಂಗಮ್ಮ ಹೇಳಿ, ಅದನ್ನು ಶೆಡ್ಡಿನೊಳಕ್ಕೆ ಸಾಗಿಸಿಯಾಗಿತ್ತು. ಪುರೋಹಿತರನ್ನು ಈ ಸಲ ಯಾರೂ ಕೇಳಲಿಲ್ಲ. ಗೋಡೆಯ ತೂತು ಹಾಗೇ ಉಳಿದಿತ್ತು, ಅದರಲ್ಲಿ ವೈರ್ ಇರಲಿಲ್ಲ.

ಬೆಳಿಗ್ಗೆಯಿಂದ ಜಗಲಿಯಲ್ಲಿ ಕೂತು ಅವಳು ಒಂದೇ ವಿಷಯ ಯೋಚಿಸುತ್ತಿದ್ದಳು. ಹ್ಯಾಂಡ್‌ವೀಲುಗಳು. ಅವು ಮೂರನ್ನೂ ಮತ್ತೆ ಕೂರಿಸಿದರೆ ಮಿಷನ್ನಿಗೆ ಮತ್ತೆ ಕೈ ಬೇಕಾಗುತ್ತದೆ, ಆ ಕೈ ಮನೆಯಲ್ಲಿ ಒಬ್ಬಳಿಗೇ ಇರುವುದು. ಎಲ್ಲಿಟ್ಟಿದ್ದೆ ಎಂದು ನೆನಪಿಸಿಕೊಳ್ಳುತ್ತಿರುವಾಗ, ಜಗಲಿಯಾಚೆ ಬಿಸಿಲಿಗಿಟ್ಟಿದ್ದ ಮಾವಿನ ಉಪ್ಪಿನಕಾಯಿ ಜಾಡಿಗಳು ಕಂಡವು. ಮೂರು ಜಾಡಿ, ಮೂರಕ್ಕೂ ಬಟ್ಟೆ ಕಟ್ಟಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಹ್ಯಾಂಡ್‌ವೀಲು ಹೇರಿದ್ದರು. ಎದ್ದು ಎರಡು ಹೆಜ್ಜೆ ಹಾಕಿದಳು.

"ಲೇ, ಜಾಡಿ ಹತ್ರ ಹೋಗಬೇಡ ಕಣೇ, ಉಪ್ಪಿನಕಾಯಿ ಕೆಟ್ಹೋಗ್ತದೆ" ಎಂದು ಚಿಕ್ಕಗಂಗಮ್ಮ ಅಡುಗೆಮನೆಯಿಂದಲೇ ಹೇಳಿದಳು. ಶ್ರೀವಾಣಿ ಬಂದು ಕೂತಳು.

ಒಳಗೆ ಗಂಟೆಯ ಸದ್ದಾಯಿತು. ಕುಂಬಳಕಾಯಿ ಒಡೆದರು. ಶಕುನಕ್ಕೆ ಒಂದು ಜೊತೆ ಕಣ್ಣು ಕೊರೆಯೋಣ ಎಂದು ಗಂಗುಲಪ್ಪ ಹೇಳಿದ್ದು ಕಿಟಕಿಯಿಂದ ಕೇಳಿತು. ಆ ಹೊತ್ತಿನಲ್ಲಿ ಶ್ರೀವಾಣಿ ದೇವರಲ್ಲಿ ಒಂದನ್ನು ಬೇಡಿಕೊಂಡಳು, ಮುಚ್ಚುಮರೆಯಿಲ್ಲದೆ ಬೇಡಿಕೊಂಡಳು. ಒಂದು ತಪ್ಪಾಗಲಿ. ಕದಿರೇಶ್ ಕಟರನ್ನು ತಪ್ಪು ಜಾಗದಲ್ಲಿ ನಿಲ್ಲಿಸಲಿ, ಕರೆಂಟು ಹೋಗಲಿ, ಮೋಟಾರು ಒಂದು ಹೆಜ್ಜೆ ತಪ್ಪಲಿ, ಕಣ್ಣು ಓರೆಯಾಗಲಿ. "ವಾಣೀ, ಸ್ವಲ್ಪ ಬಾಮ್ಮಾ" ಎಂದು ಅಪ್ಪ ಕಿಟಕಿಗೆ ಬಂದು ಕರೆಯಲಿ. ಕರೆದರೆ ಈ ಸಲ ಒಳಗೇ ಹೋಗುತ್ತೇನೆ, ಯಾರು ತಡೆದರೂ ಹೋಗುತ್ತೇನೆ ಎಂದುಕೊಂಡಳು.

ಮಿಷನ್ ಶುರುವಾಯಿತು. ಅವಳು ಗೋಡೆಗೆ ಕಿವಿಯಿಟ್ಟಳು. ನೇರ ಗೆರೆಯ ಸ್ವರ, ಸರಿಯಾಗಿತ್ತು. ಬಾಗಿನ ಸ್ವರ, ಸರಿಯಾಗಿತ್ತು. ರೆಪ್ಪೆಯ ತಿರುವು ಬಂತು. ಹಳೇ ನಟ್ಟಾಗಿದ್ದರೆ ಅಲ್ಲಿ ಒಂದು ಸಣ್ಣ ಕಟಕ್ ಕೇಳಬೇಕು. ಅವಳು ಅದಕ್ಕಾಗಿ ಕಾದಳು. ಕೇಳಲಿಲ್ಲ. ಎರಡು ಮೋಟಾರೂ ಒಟ್ಟಿಗೆ ದನಿ ಬದಲಿಸಿ ತಿರುವು ದಾಟಿದವು. ಸವೆದರೂ ತಾನೇ ಬಿಗಿಯಾಗುವ ಹಾಗೆ ಸ್ಪ್ರಿಂಗ್ ಹಾಕಿದ್ದವಳು ಅವಳೇ.

ಸದ್ದು ನಿಂತಿತು. ಒಳಗೆ ಶ್ರೀನಿವಾಸಪ್ಪನ ದನಿ ಕೇಳಿತು, ಹಬ್ಬದ ಪ್ರಸಾದಕ್ಕೆ ಬಂದಿದ್ದನೇನೋ. "ಗಂಗುಲಪ್ಪ, ನಿನ್ನ ಕೈ ನಿನ್ನ ಮಗನಿಗೆ ಬಂದದೆ ಕಣಯ್ಯಾ" ಎನ್ನುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಸೊಸೆ ಕಡುಬಿನ ತಟ್ಟೆ ತಂದು, ತಾಗದಂತೆ ಜಗಲಿಯ ತುದಿಯಲ್ಲಿಟ್ಟು, "ತಿನ್ನಿ ಅಕ್ಕಾ, ಆರಿಹೋಗ್ತದೆ" ಎಂದು ಹೇಳಿ ಒಳಗೆ ಹೋದಳು.